ಹಡಗಿನಿಂದ ಬಂದ ಪತ್ರಗಳು

ಮಾಟುಂಗಾ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ನಮ್ಮ ಪುಸ್ತಕದಂಗಡಿ. ಧಾರವಾಡದ ಕಡೆ ಶಾಲಾ ಮಾಸ್ತರನಾಗಿದ್ದ ಅಪ್ಪ, ಕನ್ನಡ ಪುಸ್ತಕ ಬಿಟ್ಟು ಬೇರೇನೂ ಮಾರುವುದಿಲ್ಲವೆಂದು ಹಟ ಹಿಡಿದು ತೆರೆದ ಅಂಗಡಿ ಅದು. ಐವತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನನಗೆ ಇಪ್ಪತ್ತು ತುಂಬಿತ್ತು. ದಿನಾ ಬೆಳಿಗ್ಗೆ ಘಾಟ್ಕೋಪರಿನ ಚಾಳಿನಿಂದ ಹೊರಟು ಅಪ್ಪನೊಡನೆ ಲೋಕಲ್ ಹಿಡಿಯುತ್ತಿದ್ದೆ. ಹೊಸದಾಗಿ ಬಂದ ಪುಸ್ತಕಗಳನ್ನೆಲ್ಲ ಓದಿ, ಯಾರಿಗೆ ಯಾವುದು ಹಿಡಿಸೀತು ಎಂದು ಹೇಳುವುದು ನನ್ನ ಕೆಲಸ. ಮೆಚ್ಚಿದ ಪುಸ್ತಕದೊಳಗೆ ಒಂದು ಚೀಟಿ ಇಡುತ್ತಿದ್ದೆ, ಇದನ್ನು ಯಾಕೆ ಓದಬೇಕು ಎಂದು ಎರಡು ಸಾಲು. ಬಂದವರು ಚೀಟಿ ಇರುವ ಪುಸ್ತಕವನ್ನೇ ಹುಡುಕತೊಡಗಿದ ಮೇಲೆ ನನಗೆ ಸ್ವಲ್ಪ ಸೊಕ್ಕೇ ಬಂದಿತ್ತು.

ನನ್ನ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವರೆಂದರೆ ಅದೇ ರಸ್ತೆಯ ತುದಿಯಲ್ಲಿದ್ದ ಹೋಟೆಲಿನ ಅಡುಗೆಯವರು. ಉಡುಪಿ ಕಡೆಯವರು, ನಲವತ್ತರ ಆಸುಪಾಸು, ಒಂಟಿ. ಹೋಟೆಲ್ ಕೆಲಸಗಾರರ ರಾತ್ರಿಶಾಲೆಗೆ ಹೋಗಿ ದೊಡ್ಡವರಾದ ಮೇಲೆ ಅಕ್ಷರ ಕಲಿತವರು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಬಂದು, ಸ್ಟೂಲಿನ ಮೇಲೆ ಕುಳಿತು, ತುಟಿಯಾಡಿಸುತ್ತ ಓದುತ್ತಿದ್ದರು. ಒಂದು ಮುಗಿದರೆ, "ಇನ್ನು ಯಾವುದು ತಂಗೀ?" ಎನ್ನುತ್ತಿದ್ದರು. ತಮ್ಮೂರಿನ ಶಾಲೆಯ ಕಪಾಟಿಗೆ ಆಗಾಗ ಹೊಸ ಪುಸ್ತಕ ಹೋಗುವ ಏರ್ಪಾಡನ್ನೂ ನಮ್ಮಲ್ಲಿ ಮಾಡಿಸಿದ್ದರು. ಯಾವುದು ಹೋಗಬೇಕೆಂಬ ಆಯ್ಕೆ ನನ್ನದು.

ಆ ವರ್ಷ ಮಳೆ ಹಿಂದೆಗೆಯುವ ಹೊತ್ತಿಗೆ ಒಂದು ಕಾದಂಬರಿ ಬಂತು. ಬರೆದವರು ಮೊದಲು ಮುಂಬಯಿಯಲ್ಲಿ ಗುಮಾಸ್ತರಾಗಿದ್ದು, ಈಗ ಮೈಸೂರಿನಲ್ಲಿ ನೆಲೆಸಿದವರು. ಕಥೆ ಹೋಟೆಲಿನ ಅಡುಗೆಯವನೊಬ್ಬನದು. ಅವನು ಊರಿನಿಂದ ತಮ್ಮನನ್ನು ಕರೆತರುತ್ತಾನೆ. ತಮ್ಮ ವಿಷಮಜ್ವರಕ್ಕೆ ಸಿಕ್ಕಿ ಆಸ್ಪತ್ರೆಯಲ್ಲಿ ಸಾಯುತ್ತಾನೆ. ಅಡುಗೆಯವನು ತಾಯಿಗೆ ಆ ಸುದ್ದಿ ತಿಳಿಸುವುದಿಲ್ಲ. ತಮ್ಮನಿಗೆ ಹಡಗಿನಲ್ಲಿ ಕೆಲಸ ಸಿಕ್ಕಿತೆಂದು ಸುಳ್ಳು ಹೇಳಿ, ವರ್ಷಗಟ್ಟಲೆ ಸತ್ತವನ ಹೆಸರಿನಲ್ಲಿ ಪತ್ರ ಹಾಕುತ್ತಾನೆ. ಕೊನೆಗೆ ತಾಯಿ ಮಗನ ದಾರಿ ಕಾಯುತ್ತಲೇ ಕಣ್ಣು ಮುಚ್ಚುತ್ತಾಳೆ. ಎರಡು ಸಲ ಓದಿ ಎರಡು ಸಲವೂ ಅತ್ತೆ. ಅಡುಗೆಯವರ ಕೈಗೆ ಕೊಟ್ಟು, "ಕಾಕಾ, ಇದು ನಿಮ್ಮ ಮಂದೀ ಕಥೀ. ಓದ್ರಿ" ಎಂದೆ. ಅದೇ ದಿನ ಅವರೂರಿನ ಶಾಲೆಗೂ ಒಂದು ಪ್ರತಿ ಕಟ್ಟಿದೆ. ಒಳಗಿನ ಚೀಟಿಯಲ್ಲಿ ಬರೆದಿದ್ದೆ: "ಇದನ್ನು ಒಬ್ಬರೇ ಓದಬೇಡಿ. ನಾಲ್ಕು ಜನರನ್ನು ಕೂಡಿಸಿ ಗಟ್ಟಿಯಾಗಿ ಓದಿ."

ಆರು ದಿನಗಳ ನಂತರ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಡುಗೆಯವರು ಆ ಕಾದಂಬರಿ ಹಿಡಿದು ಅಂಗಡಿಯೊಳಗೆ ಬಂದರು. ಅಡುಗೆಮನೆ ಬಿಟ್ಟು ಕದಲಲಾಗದ ಹೊತ್ತು ಅದು. ಬನಿಯನ್ ಬೆವರಿನಿಂದ ಮೈಗೆ ಅಂಟಿತ್ತು. ಅಪ್ಪ ಹೊರಗೆ ಹೋಗಿದ್ದ.

"ಈ ಪುಸ್ತಕ ನಮ್ಮೂರಿಗೆ ಹೋಗಿದೆಯಾ?"

"ಹೋಗೇತ್ರಿ ಕಾಕಾ. ಹೋದ ಶುಕ್ರವಾರನ ಕಳಿಸೇನಿ. ಯಾಕ್ರಿ?"

ಅವರು ಸ್ಟೂಲಿನ ಮೇಲೆ ಕುಳಿತರು. ಮುಖಪುಟದಲ್ಲಿದ್ದ ಲೇಖಕರ ಹೆಸರಿನ ಮೇಲೆ ಬೆರಳಿಟ್ಟರು. "ಇವರು ನಮ್ಮ ಹೋಟೆಲಿನ ಮಾಳಿಗೆಯಲ್ಲಿ ರೂಮು ಮಾಡಿಕೊಂಡಿದ್ದವರು. ನನಗೆ ಬರೀಲಿಕ್ಕೆ ಬರ್ತಿರಲಿಲ್ಲ. ತಮ್ಮ ತೀರಿಹೋದ ಮೇಲೆ ಅವನ ಹೆಸರಿನಲ್ಲಿ ಊರಿಗೆ ಕಾಗದ ಬರೆದುಕೊಡ್ತಿದ್ದದ್ದು ಇವರೇ. ಇವರು ಮುಂಬಯಿ ಬಿಟ್ಟು ಹೋದ ಮೇಲೆ ಆ ಕಾಗದ ನಾನೇ ಬರೀಬೇಕು ಅಂತ ರಾತ್ರಿಶಾಲೆಗೆ ಸೇರಿದೆ. ಒಂಬತ್ತು ವರ್ಷ ಆಯ್ತು ತಂಗೀ. ಅಮ್ಮ ಇನ್ನೂ ಇದ್ದಾರೆ."

ಅವರು ನಿಲ್ಲಿಸಲಿಲ್ಲ. "ಸಂಜೆ ಶಾಲೆಯ ಜಗಲಿಯಲ್ಲಿ ಮಾಷ್ಟ್ರು ಪುಸ್ತಕ ಓದಿ ಹೇಳ್ತಾರೆ. ಅಮ್ಮ ಒಂದು ದಿನ ಸಹ ತಪ್ಪಿಸುದಿಲ್ಲ. ನನ್ನ ಕಾಗದ ಓದಿ ಹೇಳುದು ಸಹ ಅದೇ ಮಾಷ್ಟ್ರು."

ಚೀಟಿಯ ವಿಷಯ ನಾಲಿಗೆಯ ತುದಿಗೆ ಬಂತು. ಹೇಳಲಾಗಲಿಲ್ಲ. ಅಂಗಡಿಯ ಬಾಗಿಲೆಳೆದು ಇಬ್ಬರೂ ತಾರು ಆಫೀಸಿಗೆ ಓಡಿದೆವು. ಏನೆಂದು ತಂತಿ ಕೊಡುವುದು? ನಿಜ ಬರೆದರೆ ಮಾಸ್ತರರಿಗೆ ಗೊತ್ತಾಗುತ್ತದೆ, ಮಾಸ್ತರರಿಗೆ ಗೊತ್ತಾದರೆ ಊರಿಗೆ ಗೊತ್ತಾಗುತ್ತದೆ. ಕೊನೆಗೆ ಅಂಗಡಿಯ ಹೆಸರಿನಲ್ಲಿ ನಾನೇ ಬರೆದೆ: ಕಳಿಸಿದ ಪುಸ್ತಕದ ಅಚ್ಚಿನಲ್ಲಿ ದೋಷವಿದೆ, ಓದದೆ ಹಿಂದಕ್ಕೆ ಕಳಿಸಿ. ಅಪ್ಪನಿಗೆ ತಿಳಿಸದೆ ನಾನು ಅಂಗಡಿಯ ಹೆಸರಿನಲ್ಲಿ ಹೇಳಿದ ಮೊದಲ ಸುಳ್ಳು ಅದು.

ಶುಕ್ರವಾರ ಉತ್ತರ ಬರಲಿಲ್ಲ. ಶನಿವಾರವೂ ಇಲ್ಲ. ರವಿವಾರ ಅದೇ ಲೇಖಕರು ನಮ್ಮ ಅಂಗಡಿಗೆ ಬರುವವರಿದ್ದರು. ತಿಂಗಳಿಗೊಮ್ಮೆ ಯಾರಾದರೂ ಲೇಖಕರನ್ನು ಕರೆಸಿ ಓದಿಸುವುದು ಅಪ್ಪನ ಪದ್ಧತಿ. ಈ ಸಲ ಅವನ ಉತ್ಸಾಹ ಹೆಚ್ಚಾಗಿತ್ತು. ಮೊದಲನೇ ಪತ್ರ ಬರೆಯುವ ಅಧ್ಯಾಯವನ್ನೇ ಓದಬೇಕೆಂದು ಲೇಖಕರಿಗೆ ಮೊದಲೇ ತಿಳಿಸಿದ್ದ. ಶನಿವಾರ ಸಂಜೆ ನಾನು ಅಡುಗೆಯವರನ್ನು ಹೋಟೆಲಿನ ಹಿಂಬಾಗಿಲಲ್ಲಿ ಕಂಡು, "ನೀವು ನಾಳೆ ಬರಬ್ಯಾಡ್ರಿ ಕಾಕಾ" ಎಂದೆ.

"ಬರ್ತೇನೆ" ಎಂದರು.

"ಬಂದು ಏನು ಮಾಡಾವ್ರು?"

"ಬರ್ತೇನೆ" ಎಂದಷ್ಟೇ ಮತ್ತೆ ಹೇಳಿ ಒಳಗೆ ಹೋದರು.

ರವಿವಾರ ನಾಲ್ಕು ಗಂಟೆಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಂಟಾಪ್ ಹಿಲ್ಲಿನ ಸಂಸಾರಗಳು, ಬಾಂದ್ರಾದಿಂದ ಬಂದ ಬ್ಯಾಂಕಿನವರು, ಹೋಟೆಲ್ ಮಾಲಕರು. ಲೇಖಕರು ನಗುಮುಖದವರು, ಎಲ್ಲರನ್ನೂ ಮಾತಾಡಿಸುತ್ತ ಬಂದು ಕುಳಿತರು. ಅಡುಗೆಯವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎರಡನೇ ಸಾಲಿನ ಬೆಂಚಿನಲ್ಲಿ ಕುಳಿತಿದ್ದರು. ತೊಡೆಯ ಮೇಲೆ ಹಳೆ ಪೇಪರಿನಲ್ಲಿ ಸುತ್ತಿ ದಾರ ಬಿಗಿದ ಒಂದು ಉದ್ದನೆಯ ಗಂಟು. ನನಗೆ ಹೋಟೆಲಿನ ತರಕಾರಿ ಕತ್ತಿ ನೆನಪಾಯಿತು. ಇವರನ್ನು ಹಾಗೆ ಎಣಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಆ ಗಂಟಿನಿಂದ ಕಣ್ಣು ಕೀಳಲಾಗಲಿಲ್ಲ.

ನೀರಿನ ಲೋಟ ಕೊಡುವ ನೆಪದಲ್ಲಿ ಲೇಖಕರ ಹತ್ತಿರ ಬಾಗಿದೆ. "ಆ ಅಧ್ಯಾಯ ಓದಬ್ಯಾಡ್ರಿ ಸರ್. ಅವರು ಬಂದಾರ. ಎರಡನೇ ಸಾಲಿನ್ಯಾಗ."

ಅವರು ತಲೆಯೆತ್ತಿ ನೋಡಿದರು. ಗುರುತು ಹತ್ತಲು ಒಂದು ಗಳಿಗೆಯೂ ಬೇಕಾಗಲಿಲ್ಲ. ತಮ್ಮಷ್ಟಕ್ಕೆ ಹೇಳಿಕೊಂಡಂತೆ ಮೆಲ್ಲಗೆ ಅಂದರು, "ಅವರಿಗೆ ಓದಲು ಬರುತ್ತಿರಲಿಲ್ಲವಲ್ಲ."

ಆ ಒಂದು ಮಾತಿಗೆ ನನಗೆ ಬಂದ ಸಿಟ್ಟು ಇವತ್ತಿಗೂ ಮರೆತಿಲ್ಲ. "ಈಗ ಬರತೈತ್ರಿ" ಎಂದು ಹಿಂದೆ ಸರಿದೆ.

ಅವರು ಹಾಳೆ ಮಗುಚಿ ಮಗುಚಿ, ಹೋಟೆಲಿನ ಬೆಳಗಿನ ಗಡಿಬಿಡಿಯ ಒಂದು ತಮಾಷೆಯ ಭಾಗ ಓದಿದರು. ಜನ ನಕ್ಕರು. ಅಪ್ಪ ಹಿಂದಿನಿಂದ, ಅದಲ್ಲ ಅದಲ್ಲ ಎಂದು ಕೈ ಮಾಡುತ್ತಿದ್ದ. ಅಡುಗೆಯವರು ನಗಲಿಲ್ಲ, ಅಲುಗಲೂ ಇಲ್ಲ. ಓದು ಮುಗಿದು, ಪ್ರಶ್ನೆಗಳಿದ್ದರೆ ಕೇಳಿ ಎಂದು ಅಪ್ಪ ಹೇಳಿದ. ಅಡುಗೆಯವರು ಎದ್ದು ನಿಂತರು.

"ಒಂದು ಕೇಳ್ಲಿಕ್ಕುಂಟು. ಹಡಗಿನ ಸುಳ್ಳು ಅಡುಗೆಯವನಿಗೆ ಹೊಳೆಯಿತು ಅಂತ ಬರೆದಿದ್ದೀರಿ. ಅದು ಅವನಿಗೇ ಹೊಳೆದದ್ದಾ, ಯಾರಾದರೂ ಹೇಳಿಕೊಟ್ಟದ್ದಾ?"

ಎಲ್ಲರೂ ತಿರುಗಿ ನೋಡಿದರು. ಅಡುಗೆಯವರೊಬ್ಬರು ಇಂಥ ಪ್ರಶ್ನೆ ಕೇಳಿದರಲ್ಲ ಎಂದು ಕೆಲವರ ಮುಖದಲ್ಲಿ ಮೆಚ್ಚುಗೆ. ಲೇಖಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೇಳಿಕೊಟ್ಟದ್ದು" ಎಂದರು. "ಕಾಗದ ಬರೆದುಕೊಡುತ್ತಿದ್ದವನು ಹೇಳಿಕೊಟ್ಟದ್ದು. ಸತ್ತ ಸುದ್ದಿಯನ್ನೇ ಬರೆಯಿರಿ ಎಂದು ಅಡುಗೆಯವನು ಅಳುತ್ತ ಹೇಳಿದ್ದ. ಮುದುಕಿ ತಡೆದುಕೊಳ್ಳಲಾರಳು, ಹಡಗು ಹತ್ತಿದ ಅಂತ ಬರೆಯೋಣ ಎಂದವನು ಆ ಕಾಗದ ಬರೆಯುವವನು."

"ಪುಸ್ತಕದಲ್ಲಿ ಹಾಗಿಲ್ಲ."

"ಇಲ್ಲ. ನನಗೆ ಧೈರ್ಯ ಸಾಲಲಿಲ್ಲ."

ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ಸೇರಿದರು. ಅವರಿಗೆ ಅದು ಸಾಹಿತ್ಯದ ಚರ್ಚೆ.

ಜನ ಕರಗಿದ ಮೇಲೆ ಅಡುಗೆಯವರು ಆ ಗಂಟನ್ನು ಮೇಜಿನ ಮೇಲಿಟ್ಟು ದಾರ ಬಿಚ್ಚಿದರು. ಒಳಗಿದ್ದದ್ದು ಕಾಗದಗಳು, ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದ್ದು. "ಅಮ್ಮ ತಮ್ಮನಿಗೆ ಬರೆಸಿದ್ದು. ಅವನಿಗೆ ತಲುಪಿಸು ಅಂತ ನನಗೆ ಕಳಿಸ್ತಿದ್ದರು. ಇದು ನಿಮ್ಮ ಪುಸ್ತಕದಲ್ಲಿಲ್ಲ. ಓದಿ."

ಲೇಖಕರು ಎರಡು ಓದಿದರು. ಮೂರನೆಯದನ್ನು ಬಿಡಿಸಿ, ಓದಲಾಗದೆ ಮಡಚಿದರು. ಅಷ್ಟರಲ್ಲಿ ನಾನು ಅಪ್ಪನಿಗೆ ಎಲ್ಲವನ್ನೂ ಹೇಳಿದ್ದೆ. ಅಪ್ಪ ಬಾಗಿಲು ಅರ್ಧ ಎಳೆದು ಅಲ್ಲೇ ನಿಂತುಬಿಟ್ಟ.

"ನಾನೇ ನಿಮ್ಮೂರಿಗೆ ಬರುತ್ತೇನೆ. ತಾಯಿಯ ಹತ್ತಿರ ನಾನೇ ಹೇಳುತ್ತೇನೆ" ಎಂದರು ಲೇಖಕರು.

"ಬೇಡ" ಎಂದರು ಅಡುಗೆಯವರು. "ನನ್ನ ಬದಲಿಗೆ ನೀವು ಮಾತಾಡಿದ್ದು ಸಾಕು. ನಾನು ಹೋಗ್ತೇನೆ."

ಆಗ ನಾನು ಚೀಟಿಯ ವಿಷಯವನ್ನೂ ಬಾಯಿಬಿಟ್ಟೆ. ಅಡುಗೆಯವರು ಕಾಗದಗಳಿಗೆ ಮತ್ತೆ ದಾರ ಸುತ್ತಿದರು. "ನಿನಗೆ ಗೊತ್ತಿರಲಿಲ್ಲ" ಎಂದರು. ತಂಗೀ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆಯೇ ಅವರು ಊರಿಗೆ ಹೊರಟುಹೋದರು. ಮಂಗಳವಾರ ಮಾಸ್ತರರ ಕಾರ್ಡು ಬಂತು: ತಂತಿ ಮುಟ್ಟುವಷ್ಟರಲ್ಲಿ ಎರಡು ಅಧ್ಯಾಯ ಓದಿಯಾಗಿತ್ತು, ಅಚ್ಚಿನಲ್ಲಿ ದೋಷವೇನೂ ಕಾಣಲಿಲ್ಲ, ಆದರೂ ನಿಲ್ಲಿಸಿದ್ದೇವೆ, ಮುಂದೇನಾಯಿತು ಎಂದು ಅಡುಗೆಯವರ ತಾಯಿಯೇ ಕೇಳುತ್ತಿದ್ದಾರೆ. ಕಾದಂಬರಿಯಲ್ಲಿ ತಮ್ಮ ಮುಂಬಯಿಗೆ ಬಂದಿಳಿಯುವಲ್ಲಿಗೆ ಎರಡನೇ ಅಧ್ಯಾಯ ಮುಗಿಯುತ್ತದೆ. ನಾನು ಕಾರ್ಡು ಹಿಡಿದುಕೊಂಡು, ಅಡುಗೆಯವರು ಈಗ ಎಲ್ಲಿಗೆ ಮುಟ್ಟಿರಬಹುದು ಎಂದು ಲೆಕ್ಕ ಹಾಕುತ್ತ ಕುಳಿತೆ. ಮುಂದೆ ಒಂದು ತಿಂಗಳು ಏನೂ ಗೊತ್ತಾಗಲಿಲ್ಲ. ಆ ತಿಂಗಳೆಲ್ಲ ಒಂದು ಚೀಟಿಯನ್ನೂ ಬರೆಯಲಿಲ್ಲ. ಯಾವುದು ಓದಲಿ ಎಂದು ಯಾರಾದರೂ ಕೇಳಿದರೆ ಅಪ್ಪನ ಕಡೆ ಕೈ ತೋರಿಸುತ್ತಿದ್ದೆ.

ಅಡುಗೆಯವರು ಊರಿನಿಂದ ಬಂದಾಗ ಅರ್ಧಕ್ಕರ್ಧ ಇಳಿದುಹೋಗಿದ್ದರು. ನಾನು ಕೇಳುವ ಮೊದಲೇ ಹೇಳಿದರು. ಕಾಲು ತೊಳೆಯುವ ಮುಂಚೆಯೇ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟರಂತೆ. ತಾಯಿ ಅಳಲಿಲ್ಲ, ಬೈಯಲಿಲ್ಲ. ಏಳು ದಿನ ಮಾತಾಡಲಿಲ್ಲ. ಎಂಟನೇ ದಿನ ಬೆಳಿಗ್ಗೆ ಹತ್ತಿರ ಬಂದು, "ಒಂಬತ್ತು ವರ್ಷ ಅವನನ್ನು ಉಪವಾಸ ಇಟ್ಟೆಯಲ್ಲ" ಎಂದರಂತೆ.

"ಎಡೆ ಬಡಿಸಿರಲಿಲ್ಲ ನೋಡು" ಎಂದರು ಅಡುಗೆಯವರು. "ದಿನಾ ಇಲ್ಲಿ ನೂರಾರು ಜನಕ್ಕೆ ಬೇಯಿಸುವವ ನಾನು. ಅವನಿಗೆ ಒಂದು ಎಲೆ ಹಾಕಲಿಲ್ಲ. ಆ ದಿನ ನಾನೇ ಅಡುಗೆ ಮಾಡಿದೆ. ಅಮ್ಮ ಪಕ್ಕದಲ್ಲಿ ಕೂತು, ಅವನಿಗೆ ಇದು ಸೇರ್ತಿತ್ತು, ಅದು ಸೇರ್ತಿರಲಿಲ್ಲ ಅಂತ ಹೇಳಿಕೊಟ್ಟರು. ಮತ್ತೆ ಮಾತು ಬಂತು."

ಲೇಖಕರು ಅಪ್ಪನಿಗೆ ಒಂದು ದೀರ್ಘ ಪತ್ರ ಬರೆದು, ಎರಡನೇ ಮುದ್ರಣದಲ್ಲಿ ತಿದ್ದುತ್ತೇನೆ ಎಂದಿದ್ದರು. ಎರಡನೇ ಮುದ್ರಣ ಬರಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಆ ತಾಯಿ ಮುಂಬಯಿಗೆ ಬಂದರು. ಮಗ ತೀರಿಹೋದ ಆಸ್ಪತ್ರೆಯನ್ನು ಕಣ್ಣಾರೆ ನೋಡಬೇಕಿತ್ತಂತೆ. ಮರಾಠಿ ಮಾತಾಡಲು ಯಾರಾದರೂ ಬೇಕೆಂದು ಅಡುಗೆಯವರು ನನ್ನನ್ನೂ ಕರೆದರು. ಸಣ್ಣ ದೇಹ, ಗಟ್ಟಿ ನಡಿಗೆ. ವಾರ್ಡಿನ ಬಾಗಿಲಲ್ಲಿ ನಿಂತು ಒಂದೊಂದು ಮಂಚವನ್ನೂ ನೋಡಿದರು. "ಯಾವುದು?" ಎಂದು ಕೇಳಿದರು. ಮಗ ಕಿಟಕಿಯ ಪಕ್ಕದ್ದನ್ನು ತೋರಿಸಿದರು. ಅಲ್ಲಿ ಬೇರೆ ಯಾರೋ ಮಲಗಿದ್ದರು. ಮುದುಕಿ ಹೋಗಿ ಆ ಮಂಚದ ಕಬ್ಬಿಣದ ಕಂಬಿಯನ್ನು ಒಮ್ಮೆ ಮುಟ್ಟಿ ಬಂದರು.

ಹೊರಗೆ ಮರದ ನೆರಳಲ್ಲಿ ಕುಳಿತಾಗ, ಮಗ ಎಳನೀರು ತರಲು ಹೋದ ಹೊತ್ತು ನೋಡಿ ನನ್ನ ಕಡೆ ತಿರುಗಿದರು. "ಪುಸ್ತಕ ಕಳಿಸಿದ್ದು ನೀನಾ ಮಗಾ?"

"ಹೌದ್ರಿ ಅಮ್ಮಾ." ಕತ್ತೆತ್ತಲಾಗಲಿಲ್ಲ.

"ಮಾಷ್ಟ್ರು ಮುಂದೆ ಓದಲೇ ಇಲ್ಲ. ಅದರಲ್ಲಿ ಅಮ್ಮನಿಗೆ ಕಡೆಗೆ ಎಂತ ಆಗ್ತದೆ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಕಾಯ್ತಾ ಕಾಯ್ತಾ ಸಾಯ್ತಾಳ್ರಿ" ಎಂದೆ.

"ಯಾರೂ ಹೇಳುದೇ ಇಲ್ವಾ ಅವಳಿಗೆ?"

"ಇಲ್ರಿ."

"ಪಾಪ" ಎಂದರು. ಮಗ ಎಳನೀರು ತಂದರು. ಮುದುಕಿ ಮೊದಲು ನನಗೆ ಕೊಡಿಸಿ, ಆಮೇಲೆ ತಾವು ಕುಡಿದರು. ಬಿಸಿಲು ಏರುವ ಮುಂಚೆ ಮೂವರೂ ಸ್ಟೇಷನ್ನಿಗೆ ನಡೆದೆವು. ಲೋಕಲ್ ಬಂದು ನಿಂತಾಗ ಜನ ನುಗ್ಗುವುದನ್ನು ನೋಡಿ ಮುದುಕಿ ಹಿಂಜರಿದರು. ನಾನು ರಟ್ಟೆ ಹಿಡಿದು ಹೆಂಗಸರ ಡಬ್ಬಿಗೆ ಹತ್ತಿಸಿದೆ. ಗಾಡಿ ಹೊರಟ ಮೇಲೂ ಅವರು ನನ್ನ ಕೈ ಬಿಡಲಿಲ್ಲ.