ನೀಲಕ್ಕನ ಪಾಳಿ

ನೀಲಕ್ಕನ ಹುಬ್ಬುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ವಯಸ್ಸಿನಿಂದಲ್ಲ, ಹಿಟ್ಟಿನಿಂದ. ಬೈಲಹೊಂಗಲದ ನಮ್ಮ ಓಣಿಯ ತುದಿಗೆ ಅವಳ ಗಿರಣಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಒಬ್ಬಳೇ ನಡೆಸಿ, ಇಬ್ಬರು ತಂಗಿಯರ ಮದುವೆ ಮಾಡಿದ್ದಳು. ತಾನು ಹಾಗೇ ಉಳಿದಿದ್ದಳು. ಮಷೀನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗುಟ್ಟು ಕೂಡ ಮೂರು ಮನೆಗೆ ಕೇಳುತ್ತಿತ್ತು.

ಹಿಟ್ಟಿಗೆ ಅವಸರ ಮಾಡಿದವರಿಗೆಲ್ಲ ಅವಳದು ಒಂದೇ ಉತ್ತರ: "ತಡಿ ತಡಿ ತಡಿ, ಪಾಳಿ ಬರತೈತಿ ತಡಿ." ಒಮ್ಮೆ ಗೌಡರ ಮನೆಯ ಆಳು ಜೋಳದ ಚೀಲ ತಂದು ಎಲ್ಲರಿಗಿಂತ ಮುಂದೆ ಇಟ್ಟ. ನೀಲಕ್ಕ ಅದನ್ನು ಎತ್ತಿ ಸಾಲಿನ ಕೊನೆಗೆ ಇಟ್ಟು ಬಂದಳು. "ಗೌಡ್ರಿಗೆ ಅಷ್ಟ ಹಸಿವಾಗೈತೇನ? ಈ ಮುದುಕಿ ಮುಂಜಾನಿಂದ ಕುಂತಾಳ" ಎಂದಳು. ಆಳು ತಲೆ ತಗ್ಗಿಸಿ ನಿಂತ.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಬಿ.ಎ. ಓದುತ್ತಿದ್ದೆ. ಮೂವರು ಗೆಳೆಯರು ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದೆವು. ಸಿನಿಮಾ ಹಾಡು ಬೇಡ, ನಮ್ಮವೇ ಹಾಡು ಎಂಬ ಹಟ. ಡ್ರಮ್ಮಿನ ಗದ್ದಲಕ್ಕೆ ಯಾರೂ ಜಾಗ ಕೊಡಲಿಲ್ಲ. ನೀಲಕ್ಕ ಗಿರಣಿಯ ಹಿಂದಿನ ಕೋಣೆ ಬಿಟ್ಟುಕೊಟ್ಟಳು. "ಇಲ್ಲಿ ಎಷ್ಟ ಬಡಕೊಂಡ್ರೂ ಯಾರಿಗೂ ಕೇಳಂಗಿಲ್ಲ, ಬರ್ರಿ."

ಒಂದು ದಿನ ಗೋಡೆಯಾಚೆಯಿಂದ ಬಂದ ಅವಳ "ತಡಿ ತಡಿ ತಡಿ" ಮಷೀನಿನ ತಾಳಕ್ಕೆ ಸರಿಯಾಗಿ ಕೂತಿತು. ಗಿಟಾರಿನಲ್ಲಿ ಹಿಡಿದೆ. ಸಂಜೆಯೊಳಗೆ ಹಾಡಾಯಿತು. ನಡುವೆ ಎರಡು ಸಾಲು ನಾನೇ ಸೇರಿಸಿದೆ:

ಊರಿಗೆಲ್ಲ ಪಾಳಿ ಕೊಟ್ಟಿ, ನಿನ್ನ ಪಾಳಿ ಯಾವಾಗ?
ಹುಬ್ಬಿನ ಮ್ಯಾಲ ಹಿಟ್ಟು ಕುಂತು ಹಣ್ಣಾದಿ ನೀ ಯಾವಾಗ?

ಪ್ರೀತಿಯಿಂದಲೇ ಬರೆದದ್ದು. ನೀಲಕ್ಕ ಜನ ನಿಂತಿರುವಾಗಲೇ ಮಷೀನು ಬಂದ್ ಮಾಡಿ ಬಂದು ಕೇಳಿದಳು. ನಕ್ಕಳು. "ನನ್ನ ಮಾತಿಗೆ ಇಷ್ಟ ಚಂದ ಧಾಟಿ ಐತೇನೋ ತಮ್ಮಾ?" ಆ ಎರಡು ಸಾಲಿನ ಬಗ್ಗೆ ಏನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಕಾಲೇಜಿನ ಗ್ಯಾದರಿಂಗ್‌ನಲ್ಲಿ ಅದನ್ನು ಮೂರು ಸಲ ಹಾಡಿಸಿದರು. ಯಾರೋ ಕ್ಯಾಸೆಟ್ಟಿಗೆ ತುಂಬಿಕೊಂಡರು; ತಿಂಗಳೊಳಗೆ ಕಿತ್ತೂರು, ಸವದತ್ತಿಯ ಟೆಂಪೋಗಳಲ್ಲೂ ಅದೇ. ಹಾಡಿನ ಹೆಂಗಸು ಯಾರೆಂದು ನಮ್ಮ ಊರಿಗೆ ಗೊತ್ತಿತ್ತು. ಹುಡುಗರು ಗಿರಣಿಯ ಮುಂದೆ ಸೈಕಲ್ ನಿಧಾನ ಮಾಡಿ ಆ ಎರಡು ಸಾಲನ್ನೇ ಹಾಡಿ ಹೋಗತೊಡಗಿದರು. ನಾನು ಒಬ್ಬನ ಕೊರಳಪಟ್ಟಿ ಹಿಡಿದೆ. ಮರುದಿನ ಹತ್ತು ಮಂದಿ ಹಾಡಿದರು.

ಅದೇ ದಿನಗಳಲ್ಲಿ, ಹೆಂಡತಿಯನ್ನು ಕಳೆದುಕೊಂಡ ಸುರೇಬಾನದ ಮಾಸ್ತರರೊಬ್ಬರು ನೀಲಕ್ಕನನ್ನು ನೋಡಲು ಬಂದರು. ಅವಳು ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಅವಳ ಹುಬ್ಬು ಕಪ್ಪಗಿದ್ದದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ. ಚಹಾ ಕೊಡುವ ಹೊತ್ತಿಗೆ ಹೊರಗೆ ಹಾಡು ಶುರುವಾಯಿತು. "ಯಾರ ಮ್ಯಾಲಿನ ಹಾಡ್ರಿ ಅದು?" ಎಂದು ಮಾಸ್ತರರ ಅಣ್ಣ ಕೇಳಿದರು. ಓಣಿಯವರು ಯಾರೋ ಹೇಳಿಬಿಟ್ಟರು. ಆ ಅಣ್ಣ ಬಾಯಿಗೆ ಟವೆಲ್ಲು ಹಿಡಿದು ನಕ್ಕರು. "ಹೇಳಿ ಕಳಸ್ತೀವ್ರಿ" ಎಂದು ಎದ್ದುಹೋದವರು ಹೇಳಿಕಳಿಸಲಿಲ್ಲ.

ಆಮೇಲೆ ನೀಲಕ್ಕ "ತಡಿ ತಡಿ" ಅನ್ನುವುದನ್ನೇ ಬಿಟ್ಟಳು. ಅವಸರ ಮಾಡಿದವರ ಕಡೆ ಸುಮ್ಮನೆ ಕೈ ಎತ್ತುತ್ತಿದ್ದಳು. ನಾವು ಬ್ಯಾಂಡ್ ಮುಚ್ಚಿದೆವು. ಹಾಡನ್ನು ಮುಚ್ಚಲು ಬರಲಿಲ್ಲ. ವರ್ಷದೊಳಗೆ ಗಿರಣಿ ಮಾರಿ ಅವಳು ಸಿರಸಂಗಿಯ ತಂಗಿಯ ಮನೆಗೆ ಹೊರಟುಹೋದಳು.

ಎರಡು ವರ್ಷದ ಮೇಲೆ ಅಲ್ಲಿಗೆ ಹೋಗಿ ಅವಳ ಎದುರು ಕೂತೆ. ತಪ್ಪಾಯಿತು ಎಂದೆ. ಪಕ್ಕದ ಅಂಗಳದಲ್ಲಿ ಒಬ್ಬಳು ಅದೇ ಹಾಡು ಗುನುಗುತ್ತ ಬಟ್ಟೆ ಒಗೆಯುತ್ತಿದ್ದಳು. ನೀಲಕ್ಕ ಅತ್ತ ನೋಡಿದಳು.

"ಇಲ್ಲಿ ಅದು ನನ್ನ ಮ್ಯಾಲಿಂದಂತ ಯಾರಿಗೂ ಗೊತ್ತಿಲ್ಲ. ಬರೇ ಹಾಡೈತಿ. ಒಮ್ಮೊಮ್ಮಿ ನನ್ನ ಬಾಯಾಗೂ ಬರತೈತಿ."

ಹೊರಟಾಗ ಬಾಗಿಲ ತನಕ ಬಂದಳು.

"ಇನ್ನ ಬರಬ್ಯಾಡ ತಮ್ಮಾ. ನೀ ಬಂದ್ರ ಯಾರಂತ ಕೇಳತಾರ. ಹಾಡು ಬರದಾಂವ ಅಂತ ಹೇಳಬೇಕಾಕೈತಿ."

"ಸಿಟ್ಟೇನಕ್ಕಾ?"

"ಸಿಟ್ಟಿಲ್ಲ. ಬಸ್ ತಪ್ಪೀತು, ನಡಿ."

ನಾನು ಮತ್ತೆ ಹೋಗಲಿಲ್ಲ. ಅವಳಿಗಾಗಿ ಮಾಡಲು ನನಗೆ ಉಳಿದಿದ್ದ ಕೆಲಸ ಅದೊಂದೇ ಆಗಿತ್ತು.