ಒಂಬತ್ತು ದಿನ ಮುಚ್ಚಿದ್ದ ವಾಲ್ವ್

ಕಳಸ ಪ್ರತ್ಯೇಕ ತಾಲೂಕಾಗುವ ಮುಂಚಿನ ಮಾತು. ನಾನು ಆಗ ಮೂಡಿಗೆರೆಯಲ್ಲಿ ಗ್ರಾಮೀಣ ಕುಡಿಯುವ ನೀರಿನ ವಿಭಾಗದ ಸಹಾಯಕ ಎಂಜಿನಿಯರ್. ನೌಕರಿಯಲ್ಲಿ ನಾನು ಯಾವ ಪ್ರಶಸ್ತಿಯನ್ನೂ ಪಡೆದವನಲ್ಲ. ಚಿಂತೆ ಮಾಡುವುದಕ್ಕೆ ಇಲಾಖೆ ಬಹುಮಾನ ಇಟ್ಟಿದ್ದರೆ ಮಾತ್ರ ಜಿಲ್ಲೆಗೇ ಮೊದಲಿಗನಾಗುತ್ತಿದ್ದೆ. ಮಳೆ ಬಂದರೆ ಪೈಪ್ ಕೊಚ್ಚಿಹೋದೀತೆಂದು ಚಿಂತೆ, ಬಾರದಿದ್ದರೆ ಒರತೆ ಬತ್ತೀತೆಂದು ಚಿಂತೆ, ಎರಡೂ ಇಲ್ಲದ ದಿನ ಏನನ್ನೋ ಮರೆತಿದ್ದೇನೆಂದು ಚಿಂತೆ. ಇಂಥವನು ನೀರಿನ ಚಿಂತೆ ಬಿಟ್ಟು ಕಾಗದದ ಚಿಂತೆ ಮಾಡುತ್ತ ಕುಳಿತದ್ದರಿಂದ ಏನಾಯಿತೆಂದು ಬರೆಯುತ್ತಿದ್ದೇನೆ.

ಕಳಸದಿಂದ ಜೀಪಿನಲ್ಲಿ ಮುಕ್ಕಾಲು ಗಂಟೆ ಹತ್ತಿದರೆ ಆ ಊರು. ಹೆಸರು ಬೇಡ, ಅಲ್ಲಿಯವರು ನನ್ನನ್ನು ಈಗಾಗಲೇ ಸಾಕಷ್ಟು ಆಡಿಕೊಂಡಿದ್ದಾರೆ. ಅರವತ್ತರಷ್ಟು ಮನೆ, ಪಕ್ಕದಲ್ಲಿ ಎಸ್ಟೇಟಿನ ಕೂಲಿ ಲೈನ್, ಅಂದರೆ ಕೂಲಿಯವರ ಸಾಲುಮನೆಗಳು. ಮೇಲೆ ಕಾಡಿನ ಅಂಚಿನಲ್ಲಿ ಬೇಸಗೆಯಲ್ಲೂ ಬತ್ತದ ಒರತೆ. ಅಲ್ಲಿಂದ ಪೈಪಿನಲ್ಲಿ ತಾನಾಗಿ ಇಳಿದ ನೀರು ಮರಳಿನ ತೊಟ್ಟಿಯಲ್ಲಿ ಸೋಸಿಕೊಂಡು ನಲ್ಲಿಗಳಿಗೆ ಹೋಗುತ್ತಿತ್ತು. ಮೋಟಾರ್ ಇಲ್ಲ, ಕರೆಂಟ್ ಬೇಡ. ತೊಟ್ಟಿಯ ಮರಳನ್ನು ವಾರಕ್ಕೊಮ್ಮೆ ಕೆರೆದು ತೊಳೆಯುವುದು ಪಂಚಾಯಿತಿಯ ನೀರುಗಂಟಿ ತಮ್ಮಯ್ಯನ ಕೆಲಸ. ದೀಪಾವಳಿ ಕಳೆದ ಮೇಲೆ ಒಂದು ದಿನ ಮನೆಗೊಂದಾಳು ಒರತೆಗೆ ಹತ್ತಿ ಮಳೆಗಾಲದ ಕಸ, ಕೆಸರು ತೆಗೆಯುವುದು ಊರಿನ ಪದ್ಧತಿ. ಬಾರದ ಮನೆಯವರಿಗೆ ದಂಡವೇನೂ ಇರಲಿಲ್ಲ. ಯುಗಾದಿಯವರೆಗೆ ಊರವರ ಬಾಯಿಗೆ ಸಿಕ್ಕುವುದೇ ಸಾಕಾಗಿತ್ತು.

ಈ ಊರನ್ನು ಹೊರದೇಶದ ನೆರವಿನ ಯೋಜನೆಗೆ ಶಿಫಾರಸು ಮಾಡಿದವನು ನಾನೇ. ಹಡಗಿನಲ್ಲಿ ಮೆಂಬ್ರೇನ್ ಯಂತ್ರ ಬಂತು. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಪೊರೆಯಲ್ಲಿ ನೀರು ಸೋಸುವ ಯಂತ್ರ ಅದು. ಪೊರೆಗೆ ಕೆಸರು ಕಟ್ಟಿಕೊಂಡರೆ ಬದಲಿಯೂ ಹಡಗಿನಲ್ಲೇ ಬರಬೇಕು. ಉದ್ಘಾಟನೆಯ ದಿನ ಫೋಟೋದಲ್ಲಿ ಎರಡನೇ ಸಾಲಿನಲ್ಲಿ ನಾನು ನಗುತ್ತ ನಿಂತಿದ್ದೇನೆ. ನಾನು ನಗುತ್ತಿರುವ ಫೋಟೋಗಳೇ ಕಡಿಮೆ.

ಮರುವರ್ಷ ನಮ್ಮ ಸರ್ಕಾರ ಮಾಡಿದ ಮೊದಲ ಕೆಲಸ, ಆ ಊರಿನ ನಿರ್ವಹಣೆಗೆ ತಾನು ಕೊಡುತ್ತಿದ್ದ ಹಣವನ್ನು ಕೈಬಿಟ್ಟದ್ದು. ಅವರು ಕೊಡುತ್ತಾರಲ್ಲ, ನಾವೇಕೆ ಕೊಡಬೇಕು? ತಮ್ಮಯ್ಯನ ಕೆಲಸ ಹೋಯಿತು. ಅವನು ಎಸ್ಟೇಟಿನ ಪಲ್ಪರ್‌ಗೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಯಂತ್ರದ ಕೆಲಸಕ್ಕೆ, ಸೇರಿಕೊಂಡ. ಅವನ ಜಾಗಕ್ಕೆ ಯೋಜನೆಯವರೇ ಕರೆತಂದ ಆಪರೇಟರ್ ಬಂದರು. ಊರವರನ್ನು ‘ಜಾಗೃತಗೊಳಿಸಲು’ ಸಭೆಗಳು ಶುರುವಾದವು. ಸಭೆಗೆ ಬಂದವರಿಗೆ ಊಟ, ಭತ್ಯೆ, ಸಹಿ ಹಾಕಲು ಪುಸ್ತಕ. ಮೊದಲ ಸಭೆಯಲ್ಲಿ ಭತ್ಯೆ ಹಂಚಿದ್ದೂ ನಾನೇ. ಆ ವರ್ಷ ದೀಪಾವಳಿಯ ನಂತರ ಒರತೆಗೆ ಒಬ್ಬರೂ ಹತ್ತಲಿಲ್ಲ. ಸುಮ್ಮನೆ ಕೂತು ಭಾಷಣ ಕೇಳಿದರೆ ಕೈಗೆ ಕಾಸು ಬರುವಾಗ, ಬಿಟ್ಟಿ ಕೆಸರು ಎತ್ತಲು ಯಾರಿಗೆ ಮನಸ್ಸು ಬಂದೀತು?

ಎಲ್ಲಕ್ಕಿಂತ ಕೆಟ್ಟದ್ದು ‘ನೋ ಅಬ್ಜೆಕ್ಷನ್’. ಒಪ್ಪಂದದ ಪ್ರಕಾರ ಯೋಜನೆಯಲ್ಲಿ ಏನನ್ನು ಮುಟ್ಟಬೇಕಾದರೂ ‘ನಮ್ಮ ಆಕ್ಷೇಪಣೆ ಇಲ್ಲ’ ಎಂಬ ನೆರವಿನವರ ಪತ್ರ ಬೇಕು. ಗೇಟಿನ ಬಣ್ಣಕ್ಕೂ ನಾನು ಪತ್ರ ತರಿಸಿದ್ದೇನೆ. ಹಳೆಯ ಮರಳಿನ ತೊಟ್ಟಿಗೆ ಹೋಗುವ ದಾರಿಗೆ ಒಂದು ಬೈಪಾಸ್ ವಾಲ್ವ್ ಇತ್ತು. ಅದನ್ನು ತಿರುಗಿಸಿದರೆ ನೀರು ಹೊಸ ಯಂತ್ರವನ್ನು ಮುಟ್ಟದೆ ಮೊದಲಿನಂತೆ ಹರಿಯುತ್ತದೆ. ಅದಕ್ಕೂ ಬೀಗ ಬಿತ್ತು. ತಿಂಗಳಿಗೊಂದು ವರದಿಯನ್ನು ಇಂಗ್ಲಿಷಿನಲ್ಲಿ ಬರೆದು ನಾನೆಂದೂ ನೋಡದ ನಗರಕ್ಕೆ ಕಳಿಸುತ್ತಿದ್ದೆ. ನೀರು ಕುಡಿಯುವವರಿಗೆ ಒಂದು ಸಾಲನ್ನೂ ಬರೆದವನಲ್ಲ.

ನಾಲ್ಕನೆಯ ವರ್ಷ ನೆರವು ಕೊಡುತ್ತಿದ್ದ ದೇಶದಲ್ಲಿ ಸರ್ಕಾರ ಬದಲಾಯಿತು, ಅವರ ಆದ್ಯತೆಗಳೂ ಬದಲಾದವು. ಮೂರು ಸಾಲಿನ ಇಮೇಲ್ ಬಂತು, ನೆರವು ನಿಂತಿತು. ಆಪರೇಟರ್ ಊರು ಬಿಟ್ಟರು. ಜನವರಿಯಲ್ಲಿ, ಕಾಫಿ ಕೊಯ್ಲು ಜೋರಾಗಿದ್ದಾಗ, ಪೊರೆ ಕಟ್ಟಿಕೊಂಡು ನಲ್ಲಿಗಳು ನಿಂತವು.

ಪಂಚಾಯಿತಿಯವರು, ಯೋಜನೆ ನಮಗೆ ಹಸ್ತಾಂತರವಾಗಿಲ್ಲ ಅಂದರು. ಜಿಲ್ಲೆಯ ಮೇಲಧಿಕಾರಿಗಳು, ಒಪ್ಪಂದ ಇನ್ನೂ ರದ್ದಾಗಿಲ್ಲ, ಏನನ್ನೂ ಮುಟ್ಟಬೇಡಿ, ಬರೆದು ಕೇಳಿ ಅಂದರು. ಕೇಳಿದೆ. ದಿನಕ್ಕೊಂದು ಇಮೇಲ್ ಬರೆದು, ಕಳಿಸುವ ಮುನ್ನ ನಾಲ್ಕು ಸಲ ಓದಿ, ಒಂದು ‘ದಯವಿಟ್ಟು’ ಸೇರಿಸಿ ಕಳಿಸಿದೆ. ಹೀಗೆ ಒಂಬತ್ತು ದಿನ.

ಅಷ್ಟರಲ್ಲಿ ಲೈನಿನವರು ಹಳ್ಳದ ನೀರು ಹೊರಲು ಶುರುಮಾಡಿದ್ದರು. ಅದು ಪಲ್ಪರಿನ ಹುಳಿ ನೀರು ಸೇರುವ ಹಳ್ಳ.

ಹತ್ತನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಆ ಊರಿನ ಅಂಗನವಾಡಿಯ ಗಿರಿಜಕ್ಕ ಮೂಡಿಗೆರೆಗೆ ಬಂದು ನನ್ನ ಮೇಜಿನೆದುರು ನಿಂತರು. ಲೈನಿನ ಏಳು ಮಕ್ಕಳಿಗೆ ವಾಂತಿ ಭೇದಿ, ಇಬ್ಬರಿಗೆ ಡ್ರಿಪ್ ಹಾಕಿದ್ದಾರೆ. ಅಷ್ಟು ಹೇಳಿ, ನೀರು ಬಿಡಲು ಯಾರ ಅಪ್ಪಣೆ ಬೇಕೆಂದು ಕೇಳಿದರು. ನಾನು ಕಂಪ್ಯೂಟರ್ ತಿರುಗಿಸಿ ಪ್ರತಿದಿನ ತಾನಾಗಿ ಬರುತ್ತಿದ್ದ ಉತ್ತರವನ್ನು ತೋರಿಸಿದೆ. ಅರ್ಥ ಕೇಳಿದರು. ಈ ಹುದ್ದೆಯೇ ಈಗ ಇಲ್ಲ ಅಂತ, ಎಂದೆ.

“ಇಲ್ದೇ ಇರೋ ಮನುಷ್ಯನ್ನ ಕೇಳ್ತಾ ಕೂತಿದೀರಲ್ಲ ಮಾರಾಯ್ರೆ. ಇರೋ ನಮ್ಮನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

ನಾನು ಕುರ್ಚಿಯಿಂದ ಎದ್ದೆ. ಹೊರಗೆ ಜೀಪ್ ಇತ್ತು. ಅವರನ್ನೂ ಕೂರಿಸಿಕೊಂಡು ಹೊರಟೆ.

ತಮ್ಮಯ್ಯನನ್ನು ಪಲ್ಪರಿನಿಂದ ಕರೆಸಿದೆವು. ಗಂಬೂಟಿನಲ್ಲೇ ಬಂದ. ವಾಲ್ವಿನ ಬೀಗ ನೋಡಿ, ಒಡೆಯಲು ಕಲ್ಲು ಎತ್ತಿಕೊಂಡ. ನಾನು ಜೇಬಿನಿಂದ ಕೀ ತೆಗೆದು ಕೊಟ್ಟೆ.

ಅವನು ಕಲ್ಲನ್ನು ನಿಧಾನವಾಗಿ ಕೆಳಗಿಟ್ಟ.

“ಕೀ ನಿಮ್ಮ ಹತ್ರಾನೇ ಇತ್ತಾ ಸಾರ್?”

ಆ ಬೆಳಿಗ್ಗೆಯವರೆಗೆ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು, ನಾಲ್ಕು ವರ್ಷದಿಂದ. ಹೂಂ ಅಂದೆ. ಅವನು ಕೀ ತಿರುಗಿಸಿ ಬೀಗ ತೆಗೆದ.

ವಾಲ್ವ್ ತಿರುಗಿಸಿದರೆ ಬಂದದ್ದು ಬೆರಳು ದಪ್ಪದ ಧಾರೆ, ಅದೂ ಕೆಸರು. ಮೂರು ದೀಪಾವಳಿಯಿಂದ ಯಾರೂ ಹತ್ತದ ಒರತೆ ಎಲೆ, ಬೇರು, ಮಣ್ಣಿನಿಂದ ಮುಚ್ಚಿಹೋಗಿತ್ತು. ಮನೆಗೊಂದಾಳು ಬರಬೇಕೆಂದು ಗಿರಿಜಕ್ಕ ಅಂದೇ ಊರೆಲ್ಲ ಸುತ್ತಿದರು. ಮರುದಿನ ಬೆಳಿಗ್ಗೆ ಹತ್ತಾರು ಜನ ಗುದ್ದಲಿ ಹಿಡಿದು ಸೇರಿದರಾದರೂ ಹತ್ತದೆ ನಿಂತರು. ಕೊಯ್ಲಿನ ದಿನ, ಒಂದು ದಿನ ಬಿಟ್ಟರೆ ಕೂಲಿ ಹೋದ ಹಾಗೆ. ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಸಹಿ ಪುಸ್ತಕ ತಂದಿದೀರಾ ಸಾರ್?”

ಎಲ್ಲರೂ ನಕ್ಕರು. ನಗುವಂಥ ಮಾತೇ, ಆದರೆ ಆ ಪ್ರಶ್ನೆ ಕೇಳಲು ಅವರಿಗೆ ಕಲಿಸಿದವನು ನಾನು. ಗಿರಿಜಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಹೊರಟರು. “ಪುಸ್ತಕ ಇಲ್ಲ, ಊಟಾನೂ ಇಲ್ಲ. ಬಾರದವ್ರ ಹೆಸ್ರು ಯುಗಾದಿವರೆಗೂ ನನ್ನ ಬಾಯಲ್ಲೇ ಇರುತ್ತೆ.”

ಜನ ಹತ್ತಿದರು. ನಾನೂ ಹತ್ತಿ, ಎರಡು ಸಲ ಜಾರಿ ಬಿದ್ದು, ಕೆಲಸಕ್ಕಿಂತ ಹೆಚ್ಚು ಅಡ್ಡಿಯೇ ಆದೆ. ತಮ್ಮಯ್ಯ ತೊಟ್ಟಿಯ ಮರಳನ್ನೆಲ್ಲ ತೆಗೆದು ತೊಳೆದು ಮತ್ತೆ ತುಂಬಿದ, ಬ್ಲೀಚಿಂಗ್ ಪುಡಿ ಹಾಕಿಸಿದೆವು. ಮೂರನೆಯ ದಿನ ಲೈನಿನ ಕೊನೆಯ ನಲ್ಲಿಯಲ್ಲಿ ನೀರು ಬಂತು. ಆ ವಾರ ಕಳೆಯುವುದರೊಳಗೆ ಮಕ್ಕಳೆಲ್ಲ ಚೇತರಿಸಿಕೊಂಡರು. ಚೇತರಿಸಿಕೊಳ್ಳದೆ ಇದ್ದಿದ್ದರೆ? ಆ ಚಿಂತೆ ನನಗೆ ಇಂದಿಗೂ ಬಿಟ್ಟಿಲ್ಲ, ಬಿಡುವುದೂ ಬೇಡ.

ತಮ್ಮಯ್ಯನ ಹುದ್ದೆಯನ್ನು ಮತ್ತೆ ಕೊಡಿಸಿ ಎಂದು ಜಿಲ್ಲೆಗೆ ಬರೆದೆ. ಒಮ್ಮೆ ಕೈಬಿಟ್ಟ ಖರ್ಚನ್ನು ಸರ್ಕಾರ ಮತ್ತೆ ಹೊರುವುದು ಕಷ್ಟ ಎಂದರು ಮೇಲಧಿಕಾರಿ. ಆಮೇಲೆ ಸಮಾಧಾನ ಮಾಡುವವರಂತೆ ದನಿ ತಗ್ಗಿಸಿ, ಇನ್ನೊಂದು ದೇಶದವರು ಬರುತ್ತಿದ್ದಾರೆ, ಅದರಲ್ಲೇ ಸೇರಿಸೋಣ ಎಂದರು. ಕೊನೆಗೆ ಗ್ರಾಮಸಭೆಯಲ್ಲಿ ಕೂತು ಜಗಳವಾಡಿ, ಪಂಚಾಯಿತಿಯಿಂದ ಆ ಹುದ್ದೆ ಕೊಡಿಸಿದವರು ಊರವರು.

ನೆರವು ನಿಂತದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ಬರುತ್ತಿದ್ದಾಗ ನಮ್ಮನ್ನು ಏನು ಮಾಡಿಟ್ಟಿತೆಂಬುದಕ್ಕೆ ಸಿಟ್ಟು. ಸರ್ಕಾರ ತನ್ನನ್ನು ಸಾಕುವವರಿಗೆ ಉತ್ತರ ಕೊಡುತ್ತದೆ. ಜನರ ತೆರಿಗೆಯಿಂದ ನಡೆದರೆ ಜನರಿಗೆ ಹೆದರುತ್ತದೆ, ಹೊರಗಿನವರ ದುಡ್ಡಿನಿಂದ ನಡೆದರೆ ಹೊರಗಿನವರ ಮುಖ ನೋಡುತ್ತದೆ. ಇಡೀ ದೇಶಗಳು ಹೀಗೆ ನಡೆಯುತ್ತಿವೆಯೆಂದು ಓದಿದಾಗಲೆಲ್ಲ ನನಗೆ ಅಲ್ಲಿಯ ಮಂತ್ರಿಗಳಿಗಿಂತ ಹೆಚ್ಚಾಗಿ ಅಲ್ಲಿಯ ಸಹಾಯಕ ಎಂಜಿನಿಯರುಗಳು ನೆನಪಾಗುತ್ತಾರೆ.

ತಿಂಗಳೊಳಗೆ ನನಗೆ ನೋಟಿಸ್ ಬಂತು. ‘ನೋ ಅಬ್ಜೆಕ್ಷನ್’ ಇಲ್ಲದೆ ವಾಲ್ವ್ ತೆರೆದದ್ದೇಕೆ? ಕಳಿಸಿದ್ದು ಯಾವ ವಿದೇಶದವರೂ ಅಲ್ಲ, ನಮ್ಮದೇ ಇಲಾಖೆ. ಸುದ್ದಿ ಕೇಳಿ ಗಿರಿಜಕ್ಕ ಊರವರ ಸಹಿ ಹಾಕಿಸಿದ ಪತ್ರವೊಂದನ್ನು ಕಳಿಸಿಕೊಟ್ಟರು. ಅದರಲ್ಲಿ ಎರಡೇ ವಾಕ್ಯ: “ಎಂಜಿನಿಯರ್ ಸಾಹೇಬರು ನೀರು ಬಿಟ್ಟಿದ್ದಕ್ಕೆ ನಮ್ಮ ಆಕ್ಷೇಪಣೆ ಇಲ್ಲ. ಒಂಬತ್ತು ದಿನ ಬಿಡದೆ ಇದ್ದುದಕ್ಕೆ ಇದೆ.”

ಎರಡನೆಯ ವಾಕ್ಯ ನನ್ನ ಸೇವಾ ದಾಖಲೆಗೆ ಒಳ್ಳೆಯದಲ್ಲವೆಂದು ಒಂದು ಇಡೀ ದಿನ ಚಿಂತಿಸಿದೆ. ಆಮೇಲೆ ಹಾಗೆಯೇ ಲಗತ್ತಿಸಿ ಕಳಿಸಿದೆ. ನನ್ನ ವೃತ್ತಿಯಲ್ಲಿ, ಆ ಊರಿನ ಬಗ್ಗೆ ನಾನು ಕಳಿಸಿದ ನಿಜವಾದ ವರದಿ ಅದೊಂದೇ.