ಶ್ರೀಧರ ಮಗಳಿಗೆ ಆರಿಸಿದ ಗಣಿತ

ಬೆಟಗೇರಿಯ ಶ್ರೀಧರನಿಗೆ ಗಣಿತವೆಂದರೆ ಈಗಲೂ ದಿಗಿಲು. ಹತ್ತನೇ ತರಗತಿಯಲ್ಲಿ ಅದೊಂದರಲ್ಲೇ ಮತ್ತೆ ಮತ್ತೆ ನಪಾಸಾಗಿ ಶಾಲೆ ಬಿಟ್ಟವನು ಅವನು. ಹುಟ್ಟಿದ್ದು ಮಗ್ಗದ ಮನೆಯಲ್ಲಾದರೂ ಈಗ ಗದಗಿನ ಸೀರೆ ಅಂಗಡಿಯೊಂದರಲ್ಲಿ ಕೆಲಸ. ಒಬ್ಬಳೇ ಮಗಳು ರೋಹಿಣಿಯನ್ನು ಹಟ ಹಿಡಿದು ಸಿಬಿಎಸ್‌ಇ ಶಾಲೆಗೆ ಹಾಕಿದ್ದ.

ಅವಳು ಒಂಬತ್ತನೇ ತರಗತಿ ಮುಗಿಸುವಾಗ ಶಾಲೆಯವರು ಪಾಲಕರನ್ನು ಕರೆಸಿದರು. ಹತ್ತನೇ ತರಗತಿಯ ಗಣಿತದಲ್ಲಿ ಎರಡು ಮಟ್ಟ: ಸ್ಟ್ಯಾಂಡರ್ಡ್ ಇಲ್ಲವೆ ಬೇಸಿಕ್.

"ಪುಸ್ತಕ ಒಂದರಿ, ಪೇಪರ್ ಬ್ಯಾರೆ. ಬೇಸಿಕ್ ಹಗುರ ಇರ್ತೈತಿ," ಎಂದರು ಟೀಚರು.

ಮುಂದೇನಾಗುತ್ತದೆಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ತಾನು ಪಟ್ಟ ಪಾಡು ಮಗಳಿಗೆ ಬೇಡವೆಂದುಕೊಂಡು, ಪಕ್ಕದಲ್ಲೇ ನಿಂತವಳ ಮುಖವನ್ನೂ ನೋಡದೆ, "ಬೇಸಿಕ್ ಬರಕೊಳ್ರಿ" ಎಂದುಬಿಟ್ಟ.

ಹತ್ತನೇ ತರಗತಿಯ ಚಳಿಗಾಲದಲ್ಲಿ ಶಾಲೆಯವರು ಮಕ್ಕಳನ್ನು ಲಕ್ಕುಂಡಿಗೆ ಪ್ರವಾಸ ಕರೆದೊಯ್ದರು. ಗೆಳತಿಯರು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ರೋಹಿಣಿ ಮೆಟ್ಟಿಲುಬಾವಿಯ ಅಂಚಿನಲ್ಲಿ ಕೂತು, ಇಳಿಯುತ್ತ ಕಿರಿದಾಗುವ ಅದರ ಗೋಡೆಗಳನ್ನು ಬಿಡಿಸಿದಳು. ಮನೆಗೆ ಬಂದ ಮೇಲೂ ಅದೇ ಧ್ಯಾನ.

"ಅಪ್ಪಾ, ನಾ ಆರ್ಕಿಟೆಕ್ಟ್ ಆಗ್ತೀನಿ. ಕಟ್ಟಡದ ನಕ್ಷಾ ತಗಿಯೋ ಕೆಲಸ."

ಶ್ರೀಧರ ಅಂಗಡಿಯಲ್ಲೆಲ್ಲ ಹೇಳಿಕೊಂಡು ಹಿಗ್ಗಿದ. ಆ ಹುರುಪಿಗೆ ಅವಳಿಗೆ ಗಣಿತವೂ ಒಲಿಯಿತು. ರಿಸಲ್ಟ್ ಬಂದಾಗ ಬೇಸಿಕ್‌ನಲ್ಲಿ ಶಾಲೆಗೆ ಅವಳೇ ಮೊದಲು.

ಅಪ್ಪ ಮಗಳು ಪೇಢೆ ಹಿಡಿದುಕೊಂಡು ಹೋಗಿ ಆರ್ಕಿಟೆಕ್ಟ್ ಆಗುವ ಆಸೆ ಹೇಳಿ ಹನ್ನೊಂದನೇ ತರಗತಿಗೆ ಸೈನ್ಸ್ ಕೇಳಿದರು. ಪ್ರಿನ್ಸಿಪಾಲ್ ಮೇಡಂ ನಗುತ್ತಲೇ ಪೇಢೆ ತೆಗೆದುಕೊಂಡರು.

"ಆದ್ರ ಬೇಸಿಕ್ ತಗೊಂಡವ್ರಿಗೆ ನಮ್ಮಲ್ಲಿ ಮುಂದ ಗಣಿತ ಕೊಡಂಗಿಲ್ಲರಿ. ಗಣಿತ ಇಲ್ದ ಆರ್ಕಿಟೆಕ್ಟ್ ಆಗಾಕ ಬರೂದಿಲ್ಲ."

"ಮೇಡಮ್ಮಾರ, ಆರಿಸಿದಾಂವ ನಾನ್ರಿ. ಆಕಿದೇನ ತಪ್ಪೈತ್ರಿ? ಬೇಕಾದ್ರ ಇಲ್ಲೇ ಕುಂಡ್ರಿಸಿ, ಗಟ್ಟಿ ಪೇಪರ್ ಕೊಟ್ಟು ನೋಡ್ರಿ."

"ಅವತ್ತ ನಿಮ್ಮನ್ನ ಕೇಳೇ ಬರಕೊಂಡೀವಲ್ರಿ?"

ಶ್ರೀಧರ ಅಂಕಪಟ್ಟಿ ಮಡಚಿಕೊಂಡ. ರೋಹಿಣಿ ನೆಲ ನೋಡುತ್ತ ನಿಂತಿದ್ದಳು.

ಗದಗಿನ ಒಂದು ಪಿಯು ಕಾಲೇಜಿಗೆ ಹೋದರೆ ಸೀಟುಗಳು ತುಂಬಿದ್ದವು. ಇನ್ನೊಂದರಲ್ಲಿ ಗುಮಾಸ್ತ ಅಂಕಪಟ್ಟಿಯ 'ಬೇಸಿಕ್' ಎಂಬ ಪದದ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದ. ಪರಿಚಯದವರೊಬ್ಬರ ಮಾತು ನಂಬಿ ಲಕ್ಷ್ಮೇಶ್ವರದ ಕಾಲೇಜಿಗೂ ಹೋದರು. ಅಲ್ಲಿಯೂ ಅದೇ ಮಾತು.

ಬಸ್ಸಿನಲ್ಲಿ ತಿರುಗಿ ಬರುವಾಗ ಮುಳಗುಂದ ದಾಟಿದ ಮೇಲೆ ರೋಹಿಣಿ ಬಾಯಿಬಿಟ್ಟಳು.

"ಸಾಕು ಅಪ್ಪಾ. ಕಾಮರ್ಸ್‌ಗೇ ಹಚ್ಚು."

"ನನಗ ಬೈಯಾರ ಬೈ, ಯವ್ವಾ."

"ನಿನಗ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಯಾರಿಗಂತ ಬೈಯ್ಲಿ?"

ಅವಳು ಸಿಟ್ಟು ಮಾಡಿದ್ದರೆ, ಅತ್ತಿದ್ದರೆ, ಸಮಾಧಾನ ಮಾಡುವ ಕೆಲಸವಾದರೂ ಅವನಿಗೆ ಸಿಗುತ್ತಿತ್ತು. ಅವಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಅವಳು ನಿದ್ದೆ ಮಾಡುತ್ತಿಲ್ಲವೆಂಬುದು ಅವನಿಗೆ ಗೊತ್ತಿತ್ತು.

ಈಗ ಅವಳು ಕಾಮರ್ಸ್ ಓದುತ್ತಿದ್ದಾಳೆ. ಅಂಕಗಳು ಚೆನ್ನಾಗಿಯೇ ಬರುತ್ತಿವೆ. ಸಂಜೆ ಅವಳು ಓದಲು ಕೂತಾಗ ಶ್ರೀಧರ ಬಂದು ಪಕ್ಕದಲ್ಲಿ ಕೂರುತ್ತಾನೆ.

"ತಿಳಿತೈತೇನವ್ವಾ?"

"ತಿಳಿತೈತಿ ಅಪ್ಪಾ."

ಅದರಾಚೆ ಇನ್ನೇನು ಕೇಳಬೇಕೋ ಅವನಿಗೆ ತೋಚುವುದಿಲ್ಲ. ಎದ್ದು ಹೋಗುತ್ತಾನೆ.